18 ಮೊಬೈಲಿಗೆ ಒಂದೇ ಸಿಮ್: ನಮ್ಮೂರ ಓದುವ ಕೋಣೆಯ ವೈಫೈ ಸರಿಮಾಡಿದ್ದು

ಪಾಂಡವಪುರದ ಹತ್ತಿರ ನಮ್ಮೂರು. ಅಲ್ಲಿ ಚಿಕ್ಕಪ್ಪನ ಮನೆಯ ಮಹಡಿ ಮೇಲೆ ಒಂದು ಹಾಲ್ ಇದೆ. ಮೊದಲು ಅಲ್ಲಿ ಭತ್ತದ ಮೂಟೆ, ರಾಗಿ ಮೂಟೆ ಪೇರಿಸುತ್ತಿದ್ದರು. ಎರಡು ವರ್ಷದಿಂದ ಅದು ಊರಿನ ಹುಡುಗ ಹುಡುಗಿಯರ ಓದುವ ಕೋಣೆ. ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಪಿಡಿಒ, ಹೀಗೆ ಯಾವುದಾದರೂ ಒಂದು ಪರೀಕ್ಷೆಗೆ ಓದುವವರೇ ಎಲ್ಲ. ಬೆಂಚು, ಫ್ಯಾನು, ಟ್ಯೂಬ್‌ಲೈಟು ಊರವರೇ ಸೇರಿ ಹಾಕಿಸಿದ್ದು. ಇಂಟರ್ನೆಟ್‌ಗೆ ಒಂದು 4ಜಿ ರೂಟರ್, ಅದರೊಳಗೆ ಒಂದು ಸಿಮ್. ಸಂಜೆ ಆದರೆ 18 ಮೊಬೈಲ್ ಅದಕ್ಕೆ ಜೋತು ಬೀಳುತ್ತವೆ.

ನಾನು ಮೈಸೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುತ್ತೇನೆ. ಒಂದು ರಾತ್ರಿ ಆ ಕೋಣೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಅಕ್ಕ, ಮಾಕ್ ಟೆಸ್ಟ್ ಬರಿಯಕ್ಕೇ ಆಯ್ತಿಲ್ಲ. ಉತ್ತರ ಒತ್ತುದ್ರೆ ಸುತ್ತುತಾನೇ ಇರ್ತದೆ. ಅಷ್ಟೊತ್ಗೆ ಟೈಮೇ ಮುಗ್ದೋಯ್ತದೆ." ದನಿಯಲ್ಲಿ ಅಳು ಇತ್ತು. ಮುಂದಿನ ಭಾನುವಾರವೇ ರೈಲು ಹತ್ತಿದೆ. ಒಟ್ಟು ಐದು ಭಾನುವಾರ ಹೋದೆ. ಏನೇನು ಮಾಡಿದೆ, ಎಲ್ಲಿ ತಪ್ಪಿದೆ, ಎಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಇಂಥದ್ದೇ ಕೋಣೆ ನಡೆಸುವವರಿಗೆ ಬೇಕಾಗಬಹುದು.

ಮೊದಲ ಭಾನುವಾರ: ಬರೀ ಅಳತೆ

ಹೋದ ಕೂಡಲೇ ಏನನ್ನೂ ಬದಲಿಸಲಿಲ್ಲ. ಮೊದಲು ಅಳೆಯಬೇಕು, ಇಲ್ಲದಿದ್ದರೆ ಆಮೇಲೆ ಸರಿಹೋಯಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಬೆಳಿಗ್ಗೆ 8 ಗಂಟೆ, ಹಾಲ್ ಖಾಲಿ. ವೇಗ 14 ಎಂಬಿಪಿಎಸ್. ಪಿಂಗ್ 42 ಮಿಲಿಸೆಕೆಂಡ್. ಪಿಂಗ್ ಅಂದರೆ ಒಂದು ಚಿಕ್ಕ ಪ್ಯಾಕೆಟ್ (ಡೇಟಾದ ಪುಟ್ಟ ಕಂತು) ಹೋಗಿ ವಾಪಸ್ ಬರಲು ಹಿಡಿಯುವ ಹೊತ್ತು. ಸಂಜೆ 7 ಗಂಟೆ, 18 ಮೊಬೈಲ್. ವೇಗ 6 ಎಂಬಿಪಿಎಸ್. ಪಿಂಗ್ 1,500 ಮಿಲಿಸೆಕೆಂಡ್, ಆಗಾಗ 3,000 ದಾಟುತ್ತಿತ್ತು.

ಆಗ ಎಲ್ಲರಿಗೂ ಹೇಳಿದೆ: "ಐದು ನಿಮಿಷ ಮೊಬೈಲ್ ಏರ್‌ಪ್ಲೇನ್ ಮೋಡ್‌ಗೆ ಹಾಕಿ." ಒಬ್ಬ ಹುಡುಗನಿಗೆ ಮಾತ್ರ ಒಂದು ದೊಡ್ಡ ಫೈಲ್ ಡೌನ್‌ಲೋಡ್ ಮಾಡು ಎಂದೆ. ನನ್ನ ಲ್ಯಾಪ್‌ಟಾಪಿನಲ್ಲಿ ಪಿಂಗ್ ಓಡುತ್ತಿತ್ತು. 44, 47, 190, 480, 900, 1,300. ಅಲ್ಲೇ ನಿಂತಿತು. ಇಡೀ ಹಾಲ್ ನನ್ನ ಸ್ಕ್ರೀನ್ ನೋಡುತ್ತಿತ್ತು. 18 ಜನ ಬೇಕಾಗಿಲ್ಲ, ಒಬ್ಬನೇ ಸಾಕು ಕೆಡಿಸಲು. ಅವನದೇನೂ ತಪ್ಪಿಲ್ಲ. ಅವನು ಡೌನ್‌ಲೋಡ್ ಒತ್ತಿದ್ದಾನೆ, ಅಷ್ಟೇ.

ಇದರ ಲೆಕ್ಕ ಸುಲಭ. 6 ಎಂಬಿಪಿಎಸ್ ದಾರಿಯಲ್ಲಿ ಒಂದೂವರೆ ಸೆಕೆಂಡ್ ಕಾಯಬೇಕು ಅಂದರೆ, ಮುಂದೆ ಸುಮಾರು 1.1 ಎಂಬಿ ಸಾಲುಗಟ್ಟಿ ನಿಂತಿದೆ ಎಂದರ್ಥ. ಒಂದು ಪ್ಯಾಕೆಟ್ 1,500 ಬೈಟ್ ಅಂದುಕೊಂಡರೆ 750 ಪ್ಯಾಕೆಟ್. ಆ ಹುಡುಗಿ ಕಳಿಸಿದ ಉತ್ತರ ಒಂದೆರಡು ಪ್ಯಾಕೆಟ್ ಇರಬಹುದು. ಅದಕ್ಕೆ ಬರಬೇಕಾದ ಮರುಮಾತು 750 ಪ್ಯಾಕೆಟ್ ಹಿಂದೆ ನಿಲ್ಲಬೇಕು. ಅಲ್ಲಿಗೂ ಮುಗಿಯಲಿಲ್ಲ. ಆಪ್ ಹೊಸದಾಗಿ ಸಂಪರ್ಕ ಮಾಡುವಾಗ ಹೆಸರು ಹುಡುಕುವುದು, ಕೈಕುಲುಕುವುದು, ಬೀಗ ಹಾಕಿಕೊಳ್ಳುವುದು, ಆಮೇಲೆ ಕೇಳುವುದು, ಹೀಗೆ ಮೂರು ನಾಲ್ಕು ಸಲ ಹೋಗಿ ಬರಬೇಕು. ನಾಲ್ಕು ಸಲ ಒಂದೂವರೆ ಸೆಕೆಂಡ್ ಅಂದರೆ 6 ಸೆಕೆಂಡ್. ಅಷ್ಟೂ ಹೊತ್ತು ಅವಳ ಮುಂದೆ ಚಕ್ರ ಸುತ್ತುತ್ತಿರುತ್ತದೆ.

ಈ ಕಾಯಿಲೆಗೆ ಬಫರ್‌ಬ್ಲೋಟ್ ಎಂದು ಹೆಸರು. ಜಿಮ್ ಗೆಟ್ಟಿಸ್ ಎಂಬುವರು ತಮ್ಮ ಮನೆಯ ಕನೆಕ್ಷನ್‌ನಲ್ಲೇ ಇದನ್ನು ಕಂಡು, 2010ರ ಸುಮಾರಿಗೆ ಈ ಹೆಸರಿಟ್ಟರು. ಮೆಮೊರಿ ಚೀಪ್ ಆಯಿತು. ಮೋಡೆಮ್‌ನಲ್ಲಿ, ಟವರ್‌ನಲ್ಲಿ, ರೂಟರ್‌ನಲ್ಲಿ, ಎಲ್ಲ ಕಡೆ ದೊಡ್ಡ ದೊಡ್ಡ ಬಫರ್, ಅಂದರೆ ಪ್ಯಾಕೆಟ್ ಕಾಯುವ ಜಾಗ, ಇಟ್ಟರು. ಪ್ಯಾಕೆಟ್ ಕಳೆದುಹೋಗಬಾರದು ಎಂಬ ಒಳ್ಳೇ ಆಸೆ. ಆದರೆ ಕಳಿಸುವ ಕಡೆಯ ಟಿಸಿಪಿ (ಎಷ್ಟು ವೇಗದಲ್ಲಿ ಕಳಿಸಬೇಕು ಎಂದು ನೋಡಿಕೊಳ್ಳುವ ನಿಯಮ) ಸಾಮಾನ್ಯವಾಗಿ ಒಂದು ಪ್ಯಾಕೆಟ್ ಕಳೆದುಹೋದಾಗಲೇ "ಓಹೋ, ದಾರಿ ತುಂಬಿದೆ" ಎಂದು ನಿಧಾನ ಮಾಡುವುದು. ಕಳೆದೇ ಹೋಗದಿದ್ದರೆ? ತುಂಬುತ್ತಾ ಹೋಗುತ್ತದೆ.

ಗೋಡೆ ಮೇಲೆ ಒಂದು ಹಾಳೆ ಅಂಟಿಸಿದ್ದರು: "7ರಿಂದ 9 ವಿಡಿಯೊ ನೋಡಬೇಡಿ". ಆದರೆ ಪಾಠಗಳೆಲ್ಲ ವಿಡಿಯೊದಲ್ಲೇ ಇರುವುದು. ಆ ಹಾಳೆ ನೋಡಿ ಬೇಜಾರಾಯಿತು. ಮಕ್ಕಳು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ಹಾಗೆ ಆಗಿತ್ತು.

ರಾತ್ರಿ ಜಗಲಿ ಮೇಲೆ ಕೂತು ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಇಂಟರ್ನೆಟ್ ಗೊತ್ತಿಲ್ಲ, ವಿ.ಸಿ. ನಾಲೆ ಚೆನ್ನಾಗಿ ಗೊತ್ತು. "ಅಲ್ಲ ಕಣವ್ವ, ನೀರು ಕಮ್ಮಿ ಇರದಲ್ಲ ತೊಂದ್ರೆ. ಮೇಲ್ಗಡೆಯೋನು ತೂಬು ಎತ್ಕಂಡು ಕೂತ್ಕಂಡ್ರೆ ಕೊನೆ ಗದ್ದೆಗೆ ಎಲ್ಲಿಂದ ಬತ್ತದೆ? ಒಬ್ಬ ನೀರುಗಂಟಿ ಇರ್ಬೇಕು" ಎಂದರು. ಅದೇ ಸರಿ ಅನ್ನಿಸಿತು. ನಮಗೆ ಬೇಕಾಗಿದ್ದು ನೀರುಗಂಟಿ. ತೂಬಿನ ಹತ್ತಿರ ನಿಂತು ಎಲ್ಲರಿಗೂ ಸರದಿ ಕೊಡುವವನು.

ಎರಡನೇ ಭಾನುವಾರ: ಡಬ್ಬ ಎತ್ತಿ ತಾರಸಿಗೆ, ಕೆಳಗೆ ಹೊಸ ರೂಟರ್

4ಜಿ ರೂಟರನ್ನು ಬೀರು ಮೇಲೆ, ಮೂಲೆಯಲ್ಲಿ ಇಟ್ಟಿದ್ದರು. ಪ್ಲಗ್ ಅಲ್ಲೇ ಇದ್ದದ್ದು ಕಾರಣ. ಅದರ ಸೆಟ್ಟಿಂಗ್ ಪೇಜ್ ತೆಗೆದು ನೋಡಿದರೆ ಸಿಗ್ನಲ್ ಮೈನಸ್ 112 ಡಿಬಿಎಂ (ಸೊನ್ನೆಗೆ ಹತ್ತಿರ ಬಂದಷ್ಟೂ ಸಿಗ್ನಲ್ ಜೋರು). ಸಿಗ್ನಲ್‌ಗೂ ಗದ್ದಲಕ್ಕೂ ಇರುವ ಅಂತರ ಬರೀ 1. ಕೈಯಲ್ಲಿ ಹಿಡಿದು ಮನೆಯೆಲ್ಲ ಸುತ್ತಿದೆ. ತಾರಸಿಗೆ ಹೋಗುವ ಮೆಟ್ಟಿಲ ಗೂಡಿನ ಕಿಟಕಿಯಲ್ಲಿ, ಕಬ್ಬಿನ ಗದ್ದೆ ಕಡೆ ಮುಖ ಮಾಡಿದಾಗ ಮೈನಸ್ 97, ಅಂತರ 12. ಅಲ್ಲೇ ಗ್ರಿಲ್‌ಗೆ ಕಟ್ಟಿದೆ.

ಇದರಿಂದ ಏನು ಲಾಭ? ಟವರ್ ಸಹ ಒಂದು ನೀರುಗಂಟಿಯೇ. 4ಜಿಯಲ್ಲಿ ಅದು ತನ್ನ ತರಂಗವನ್ನು 180 ಕಿಲೋಹರ್ಟ್ಸ್ ತುಂಡುಗಳಾಗಿ ಕತ್ತರಿಸುತ್ತದೆ. 10 ಮೆಗಾಹರ್ಟ್ಸ್ ಇದ್ದರೆ ಅಂಥ 50 ತುಂಡು. ಪ್ರತಿ ಮಿಲಿಸೆಕೆಂಡಿಗೂ ಯಾವ ತುಂಡು ಯಾವ ಫೋನಿಗೆ ಎಂದು ಹೊಸದಾಗಿ ಹಂಚುತ್ತದೆ. ಸಿಗ್ನಲ್ ಕೆಟ್ಟಿದ್ದರೆ ಒಂದು ಸಂಕೇತದಲ್ಲಿ 2 ಬಿಟ್ ತುಂಬಬಹುದು. ಚೆನ್ನಾಗಿದ್ದರೆ 6 ಬಿಟ್ ತನಕ. ತುಂಡು ಅಷ್ಟೇ, ಒಳಗೆ ಹಿಡಿಯುವುದು ಮೂರು ಪಟ್ಟು. ಹಂಚುವಾಗ ಟವರ್‌ಗಳು ಸಾಮಾನ್ಯವಾಗಿ ಒಂದು ನ್ಯಾಯ ನೋಡುತ್ತವೆ: ಈ ಕ್ಷಣ ಯಾರ ಸಿಗ್ನಲ್ ಎಷ್ಟು ಚೆನ್ನಾಗಿದೆ, ಮತ್ತು ಇಲ್ಲಿಯವರೆಗೆ ಅವರಿಗೆ ಎಷ್ಟು ಸಿಕ್ಕಿದೆ. ಎರಡನ್ನೂ ತೂಗಿ ಸರದಿ ಕೊಡುತ್ತವೆ. ಹೀಗಾಗಿ ದೂರದವನು ಪೂರ್ತಿ ಉಪವಾಸ ಬೀಳುವುದಿಲ್ಲ, ಹತ್ತಿರದವನ ವೇಗವೂ ದಂಡವಾಗುವುದಿಲ್ಲ.

ಇಲ್ಲೊಂದು ವಿಷಯ ಗಮನಿಸಬೇಕು. ಟವರ್‌ಗೆ ನಮ್ಮ ಕೋಣೆ ಅಂದರೆ ಒಬ್ಬ ಗಿರಾಕಿ. ಒಂದು ಸಿಮ್, ಒಂದು ಪಾಲು. ಆ ಪಾಲಿನ ಹಿಂದೆ 18 ಜನ ಇದ್ದಾರೆ ಎಂದು ಅದಕ್ಕೆ ಗೊತ್ತೇ ಇಲ್ಲ. ಒಳಗಿನ ಹಂಚಿಕೆ ನಾವೇ ಮಾಡಿಕೊಳ್ಳಬೇಕು. ಎಲ್ಲರೂ ಅವರವರ ಸಿಮ್ ಬಳಸಲಿ ಅಂದರೆ ಹಾಲ್ ಒಳಗೆ ಮೊಬೈಲಿಗೆ ಸಿಗ್ನಲ್ ನಿಲ್ಲುವುದಿಲ್ಲ, ದಪ್ಪ ಗೋಡೆ. ಅರ್ಧ ಜನರ ಬಳಿ ಡೇಟಾ ಪ್ಯಾಕ್‌ಗೂ ದುಡ್ಡಿಲ್ಲ.

ಡಬ್ಬ ಜಾಗ ಬದಲಿಸಿದ್ದಕ್ಕೇ ಸಂಜೆಯ ವೇಗ 6ರಿಂದ 9ಕ್ಕೆ ಬಂತು. ಪಿಂಗ್ ಮಾತ್ರ ಹಾಗೇ ಇತ್ತು. ವೇಗ ಜಾಸ್ತಿ ಆದರೆ ಸಾಲು ತಾನಾಗಿ ಕರಗುವುದಿಲ್ಲ.

ಮೈಸೂರಿನಿಂದ ಒಂದು ಸೆಕೆಂಡ್‌ಹ್ಯಾಂಡ್ ರೂಟರ್ ತಂದಿದ್ದೆ, 1,300 ರೂಪಾಯಿ. ಒಳಗೆ ಎಂಟಿ7621 ಚಿಪ್, 128 ಎಂಬಿ ರ‍್ಯಾಮ್, 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇದೆ. ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಹಾಕಿದೆ, ರೂಟರ್‌ಗೆಂದೇ ಇರುವ ಲಿನಕ್ಸ್ ತಂತ್ರಾಂಶ ಅದು. ಹಳೇ 4ಜಿ ಡಬ್ಬದ ವೈಫೈ ಬಂದ್ ಮಾಡಿ, ಅದನ್ನು ಬರೀ ಮೋಡೆಮ್ ಮಾಡಿದೆ. ಅಲ್ಲಿಂದ ಕೇಬಲ್ ಇಳಿಸಿ ಹೊಸ ರೂಟರ್‌ಗೆ ಕೊಟ್ಟೆ.

ಆಮೇಲೆ ಸಾಲು ಹತೋಟಿಯಲ್ಲಿಡುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ಕೇಕ್ ಆರಿಸಿಕೊಂಡೆ. ಕೇಕ್ ಅನ್ನುವುದು ಲಿನಕ್ಸ್‌ನೊಳಗೆ ಪ್ಯಾಕೆಟ್‌ಗಳ ಸಾಲು ನೋಡಿಕೊಳ್ಳುವ ಭಾಗ. 2018ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ 4.19 ಆವೃತ್ತಿ ಜೊತೆ ಸೇರಿತು. ಇದರ ಹಿಂದೆ ಡೇವ್ ಟಾಟ್ ಮತ್ತು ಅವರ ಗೆಳೆಯರ ವರ್ಷಗಟ್ಟಲೆ ದುಡಿಮೆ ಇದೆ. ಅವರು 2025ರಲ್ಲಿ ತೀರಿಕೊಂಡರು. ಅವರ ಕೆಲಸ ನಮ್ಮೂರ ಮಹಡಿ ಮೇಲೆ ದಿನಾ ಓಡುತ್ತಿದೆ. ಅದನ್ನು ಇಲ್ಲಿ ಹೇಳಲೇಬೇಕು ಅನ್ನಿಸಿತು.

ಇಳಿಯುವ ವೇಗ 7 ಎಂಬಿಪಿಎಸ್, ಏರುವ ವೇಗ 1.5 ಎಂಬಿಪಿಎಸ್ ಎಂದು ಬರೆದೆ. ಪಕ್ಕದಲ್ಲಿದ್ದ ಹುಡುಗ ಕೇಳಿದ, "9 ಬತ್ತದಲ್ಲಕ್ಕ, ಯಾಕೆ 7 ಹಾಕ್ತೀರಿ?" ಒಳ್ಳೇ ಪ್ರಶ್ನೆ. ಸಾಲು ಯಾವಾಗಲೂ ಇಕ್ಕಟ್ಟಾದ ಜಾಗದಲ್ಲಿ ಬೆಳೆಯುತ್ತದೆ. ಟವರ್‌ನ ದಾರಿಯೇ ಇಕ್ಕಟ್ಟಾಗಿದ್ದರೆ ಸಾಲು ಟವರ್‌ನಲ್ಲಿ. ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ನಮ್ಮ ರೂಟರನ್ನು ಅದಕ್ಕಿಂತ ಸ್ವಲ್ಪ ಇಕ್ಕಟ್ಟು ಮಾಡಿದರೆ ಸಾಲು ನಮ್ಮ ಕೈಗೆ ಬರುತ್ತದೆ. 2 ಎಂಬಿಪಿಎಸ್ ಬಿಟ್ಟುಕೊಟ್ಟು ತೂಬಿನ ಕೀಲಿ ತೆಗೆದುಕೊಂಡ ಹಾಗೆ.

ಕೀಲಿ ಕೈಗೆ ಬಂದ ಮೇಲೆ ಕೇಕ್ ಎರಡು ಕೆಲಸ ಮಾಡುತ್ತದೆ. ಒಂದು, ಕೋಡೆಲ್ ಎಂಬ ಉಪಾಯ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಕೊಟ್ಟದ್ದು. ಸಾಲು ಎಷ್ಟು ಉದ್ದ ಇದೆ ಎಂದು ಅದು ನೋಡುವುದಿಲ್ಲ. ಪ್ಯಾಕೆಟ್ ಎಷ್ಟು ಹೊತ್ತು ನಿಂತಿದೆ ಎಂದು ನೋಡುತ್ತದೆ. 100 ಮಿಲಿಸೆಕೆಂಡ್‌ವರೆಗೂ ಕಾಯುವಿಕೆ ಒಮ್ಮೆಯೂ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯದಿದ್ದರೆ ಒಂದು ಪ್ಯಾಕೆಟ್ ಬೀಳಿಸುತ್ತದೆ. ಕಳಿಸುವವನಿಗೆ ಅದೇ ಸೂಚನೆ. ಅವನು ನಿಧಾನ ಮಾಡುತ್ತಾನೆ.

ಎರಡು, ಎಲ್ಲರಿಗೂ ಒಂದೇ ಸಾಲು ಬೇಡ, ಬೇರೆ ಬೇರೆ ಸಾಲು ಮಾಡಿ ಸರದಿಯಂತೆ ಬಿಡುವುದು. ಇದು ಹಳೇ ವಿಚಾರ. ಜಾನ್ ನೇಗಲ್ 1985ರಲ್ಲೇ ಬರೆದಿದ್ದರು: ಕೊನೆಯಿಲ್ಲದಷ್ಟು ಬಫರ್ ಇದ್ದರೂ ದಟ್ಟಣೆ ಹೋಗುವುದಿಲ್ಲ, ಕಳಿಸುವ ಒಬ್ಬೊಬ್ಬರಿಗೂ ಬೇರೆ ಸಾಲು ಕೊಟ್ಟು ಒಂದೊಂದಾಗಿ ಬಿಡಿ ಎಂದು.

ಆ ಸಂಜೆ 7 ಗಂಟೆಗೆ ಪಿಂಗ್ 60ರಿಂದ 75. ನಾನೇ ಮೂರು ಸಲ ನೋಡಿದೆ.

ಮೂರನೇ ಭಾನುವಾರ: ಒಂದು ಪದ ಬಿಟ್ಟುಹೋಗಿತ್ತು

ವಾರದ ನಡುವೆ ಮತ್ತೆ ಫೋನ್. ಟೆಸ್ಟ್ ಪರವಾಗಿಲ್ಲ, ಆದರೆ ಸಂಜೆ ಒಂದೊಂದು ಹೊತ್ತಿನಲ್ಲಿ ವಿಡಿಯೊ ಎಲ್ಲ ಮಸುಕಾಗುತ್ತದೆ ಎಂದರು. ಯಾರೋ ಒಬ್ಬರು ಆಪ್ ಅಪ್‌ಡೇಟ್ ಹಾಕಿದಾಗ ಹೀಗಾಗುತ್ತದೆ ಎಂದೂ ಸೇರಿಸಿದರು.

ಹೋಗಿ ಎರಡು ಫೋನ್ ತೆಗೆದುಕೊಂಡೆ. ಒಂದರಲ್ಲಿ ಬ್ರೌಸರ್‌ನಿಂದ ಒಂದು ಫೈಲ್ ಇಳಿಸಲು ಹಾಕಿದೆ. ಇನ್ನೊಂದರಲ್ಲಿ ಒಂದೇ ಫೈಲನ್ನು 12 ತುಂಡು ಮಾಡಿ ಒಟ್ಟಿಗೆ ಎಳೆಯುವ ಡೌನ್‌ಲೋಡ್ ಆಪ್. ಎರಡಕ್ಕೂ ಸಮ ಸಿಗಬೇಕಿತ್ತು, ತಲಾ 3.5. ಸಿಕ್ಕಿದ್ದು ಮೊದಲನೆಯದಕ್ಕೆ 0.5, ಎರಡನೆಯದಕ್ಕೆ 6ಕ್ಕಿಂತ ಸ್ವಲ್ಪ ಜಾಸ್ತಿ.

ಬೆಂಚಿನ ಮೇಲೆ ಕೂತು ಆ ಅಂಕಿಗಳನ್ನೇ ನೋಡಿದೆ. 7ನ್ನು 13ರಿಂದ ಭಾಗಿಸಿದರೆ 0.54. ಒಂದು ಕನೆಕ್ಷನ್, ಜೊತೆಗೆ ಹನ್ನೆರಡು, ಒಟ್ಟು ಹದಿಮೂರು. ಆಗ ಹೊಳೆಯಿತು. ಕೇಕ್ ಫೋನ್ ಲೆಕ್ಕದಲ್ಲಿ ಹಂಚುತ್ತಿಲ್ಲ, ಕನೆಕ್ಷನ್ ಲೆಕ್ಕದಲ್ಲಿ ಹಂಚುತ್ತಿದೆ. ಒಬ್ಬ ಹನ್ನೆರಡು ಕೊಡ ತಂದು ಸಾಲಲ್ಲಿ ಇಟ್ಟರೆ ಹನ್ನೆರಡು ಪಾಲು ಅವನಿಗೇ.

ಆದರೆ ಫೋನ್ ಲೆಕ್ಕದಲ್ಲಿ ಹಂಚು ಎಂದು ನಾನು ಬರೆದಿದ್ದೆನಲ್ಲ? ಸೆಟ್ಟಿಂಗ್ ಮತ್ತೆ ನೋಡಿದೆ. ಇಳಿಯುವ ಕಡೆಗೆ 'ಡ್ಯುಯಲ್-ಡಿಎಸ್‌ಟಿಹೋಸ್ಟ್', ಏರುವ ಕಡೆಗೆ 'ಡ್ಯುಯಲ್-ಎಸ್‌ಆರ್‌ಸಿಹೋಸ್ಟ್'. ಎರಡೂ ಇದ್ದವು. ಅವುಗಳ ಮುಂದೆ ಇರಬೇಕಾದ 'ನ್ಯಾಟ್' ಎಂಬ ಪದ ಬಿಟ್ಟುಹೋಗಿತ್ತು.

ಈ ಪದ ಯಾಕೆ ಬೇಕು ಅಂದರೆ, ಹೊರಗಿನಿಂದ ಬರುವ ಪ್ಯಾಕೆಟ್ ಮೇಲೆ ರೂಟರ್‌ನ ಒಂದೇ ವಿಳಾಸ ಇರುತ್ತದೆ. ಯಾವ ಫೋನಿಗೆ ಹೋಗಬೇಕು ಎಂಬುದು ಆಮೇಲೆ, ನ್ಯಾಟ್ (ರೂಟರ್‌ನ ವಿಳಾಸವನ್ನು ಒಳಗಿನ ಫೋನಿನ ವಿಳಾಸಕ್ಕೆ ಬದಲಿಸುವ ಕೆಲಸ) ಆದ ಮೇಲೆ ತಿಳಿಯುವುದು. ಕೇಕ್ ಕೂತಿರುವುದು ಅದಕ್ಕೂ ಮುಂಚಿನ ಬಾಗಿಲಲ್ಲಿ. ಅದರ ಕಣ್ಣಿಗೆ 18 ಫೋನೂ ಒಂದೇ ಮನೆ. ಮನೆ ಒಂದೇ ಆದರೆ ಉಳಿಯುವುದು ಕನೆಕ್ಷನ್ ಲೆಕ್ಕ. ನ್ಯಾಟ್ ಎಂದು ಬರೆದರೆ ಅದು ಮುಂಚೆಯೇ ಪಟ್ಟಿ ನೋಡಿ, ಒಳಗಿನ ಫೋನ್ ಯಾವುದು ಎಂದು ಗುರುತಿಸಿಕೊಳ್ಳುತ್ತದೆ.

ಎರಡೂ ಕಡೆ ಆ ಪದ ಸೇರಿಸಿ ಸೇವ್ ಕೊಟ್ಟೆ. ಅದೇ ಎರಡು ಫೋನ್, ಅದೇ ಫೈಲ್. 3.4, 3.4. ಆ ಎರಡು ಸಂಖ್ಯೆ ಒಂದೇ ಸಮ ನಿಂತಿದ್ದು ಕಂಡಾಗ ಆದ ಖುಷಿ ಹೇಳಲಾರೆ. ಸುತ್ತ ನಿಂತಿದ್ದ ಹುಡುಗರೂ ಚಪ್ಪಾಳೆ ಹೊಡೆದರು. ಗೋಡೆ ಮೇಲಿನ ಹಾಳೆಯನ್ನು ಆ ಹೊತ್ತೇ ಕಿತ್ತೆವು.

ಏರುವ ಕಡೆಯೂ ಇದೇ ಮುಖ್ಯ. ಮೊಬೈಲ್‌ಗಳು ಸುಮ್ನೆ ಕೂತಿದ್ದಾಗ ಫೋಟೊ ಬ್ಯಾಕಪ್ ಶುರು ಮಾಡುತ್ತವೆ. ಏರುವ ದಾರಿ ಕಿರಿದು. ಅದು ತುಂಬಿದರೆ ಇಳಿಯುವುದೂ ನಿಧಾನ, ಯಾಕೆಂದರೆ "ಬಂತು, ಮುಂದಿನದು ಕಳಿಸು" ಎಂಬ ಮರುಮಾತು ಅದೇ ದಾರಿಯಲ್ಲಿ ಹೋಗಬೇಕು.

ಒಂದು ಸಲಹೆ ಬಂದಿತ್ತು: ಒಬ್ಬೊಬ್ಬರಿಗೆ 500 ಕೆಬಿಪಿಎಸ್ ಎಂದು ಕಟ್ಟಿಹಾಕಿಬಿಡಿ ಅಂತ. 18 ಜನಕ್ಕೆ 9 ಎಂಬಿಪಿಎಸ್, ಲೆಕ್ಕ ಸರಿಯಾಗಿ ಕಾಣುತ್ತದೆ. ನಾನು ಒಪ್ಪಲಿಲ್ಲ. ಬೆಳಿಗ್ಗೆ ಮೂರೇ ಜನ ಕೂತಿದ್ದರೆ ಅವರಿಗೆ ಸಿಗುವುದು ಒಂದೂವರೆ, ಉಳಿದದ್ದು ಯಾರಿಗೂ ಇಲ್ಲದೆ ಹರಿದುಹೋಗುತ್ತದೆ. ಸರದಿ ಪದ್ಧತಿಯಲ್ಲಿ ಹಾಗಾಗುವುದಿಲ್ಲ. ಬೇಡದವನ ಪಾಲು ಬೇಕಾದವನಿಗೆ ತಾನಾಗಿ ಹೋಗುತ್ತದೆ. ಯಾವ ಸೈಟನ್ನೂ ನಾನು ಮುಚ್ಚಲಿಲ್ಲ. ಯಾವುದು ಓದು, ಯಾವುದು ಮೋಜು ಎಂದು ರೂಟರ್ ತೀರ್ಮಾನ ಮಾಡಬಾರದು. ಪಾಲು ಸಮ ಇದ್ದರೆ ಸಾಕು.

ನಾಲ್ಕನೇ ಭಾನುವಾರ: ಏರಿಳಿಯುವ ನೀರು

ಸರಿಹೋಯಿತು ಅಂದುಕೊಂಡ ಮೇಲೆ ಇನ್ನೊಂದು ತೊಂದರೆ. 7 ಎಂಬಿಪಿಎಸ್ ಎಂದು ಬರೆದಿಟ್ಟಿದ್ದೆ. ಆದರೆ ಕೆಲವು ಸಂಜೆ ಟವರ್‌ನಿಂದ ಬರುವುದೇ 5. ಆಗ ಇಕ್ಕಟ್ಟಾದ ಜಾಗ ಮತ್ತೆ ಟವರ್, ಸಾಲು ಮತ್ತೆ ಅಲ್ಲಿಗೇ. ಪಿಂಗ್ 900. ಬೆಳಿಗ್ಗೆ 14 ಬರುವಾಗಲೂ 7ಕ್ಕೇ ಕಟ್ಟಿಹಾಕಿದ್ದೆ, ಅದು ಇನ್ನೊಂದು ನಷ್ಟ.

ಕೆಆರ್‌ಎಸ್‌ನಲ್ಲಿ ನೀರು ಕಮ್ಮಿ ಇರುವ ವರ್ಷ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಅಣೆಕಟ್ಟೆಯ ಮಟ್ಟ ನೋಡಿಕೊಂಡೇ ಅದನ್ನು ನಿರ್ಧರಿಸುವುದು. ನಮಗೂ ಮಟ್ಟ ನೋಡುವ ಒಂದು ಕಣ್ಣು ಬೇಕಿತ್ತು. ಅದಕ್ಕೆ ಕೇಕ್-ಆಟೋರೇಟ್ ಎಂಬ ಸ್ಕ್ರಿಪ್ಟ್ ಇದೆ. ಅದು ಹೊರಗಿನ ಒಂದಷ್ಟು ಸರ್ವರ್‌ಗಳಿಗೆ ಸೆಕೆಂಡಿಗೆ ಹಲವು ಸಲ ಪಿಂಗ್ ಕಳಿಸುತ್ತಾ ಇರುತ್ತದೆ. ಹೊತ್ತು ಹೆಚ್ಚಾದರೆ ಕೇಕ್‌ನ ವೇಗ ಇಳಿಸುತ್ತದೆ. ದಾರಿ ತುಂಬಿದ್ದರೂ ಹೊತ್ತು ಹೆಚ್ಚಾಗದಿದ್ದರೆ ಏರಿಸುತ್ತದೆ. ಕನಿಷ್ಠ 2.5, ಸಾಮಾನ್ಯ 6, ಗರಿಷ್ಠ 15 ಎಂದು ಕೊಟ್ಟೆ.

ಮೊದಲ ರಾತ್ರಿ ಅದು ಕನಿಷ್ಠಕ್ಕೇ ಅಂಟಿಕೊಂಡು ಕೂತಿತು. ಲಾಗ್ ತೆಗೆದು ನೋಡಿದೆ. 30 ಮಿಲಿಸೆಕೆಂಡ್ ಹೆಚ್ಚಾದರೆ ಇಳಿಸು ಎಂದಿತ್ತು. ಆದರೆ 4ಜಿಯಲ್ಲಿ ಏನೂ ಹೊರೆ ಇಲ್ಲದಾಗಲೂ ಪಿಂಗ್ 40ರಿಂದ 80ರ ನಡುವೆ ಕುಣಿಯುತ್ತಿರುತ್ತದೆ. ಆ ಕುಣಿತವನ್ನೇ ಅದು ಸಾಲು ಎಂದುಕೊಂಡು ಹೆದರುತ್ತಿತ್ತು. ಮಿತಿಯನ್ನು 60ಕ್ಕೆ ಏರಿಸಿದೆ. ಆಮೇಲೆ ಹದಕ್ಕೆ ಬಂತು. ಬೆಳಿಗ್ಗೆ 12, 13ರ ತನಕ ಹೋಗುತ್ತದೆ, ಸಂಜೆ 4.5ಕ್ಕೆ ಇಳಿಯುತ್ತದೆ, ಪಿಂಗ್ 100ರ ಒಳಗೇ ಇರುತ್ತದೆ. ಒಟ್ಟು ವೇಗದಲ್ಲಿ ಸ್ವಲ್ಪ ನಷ್ಟ ಇದ್ದೇ ಇದೆ. ನಾನು ಆ ನಷ್ಟವನ್ನು ಸಂತೋಷದಿಂದ ಒಪ್ಪುತ್ತೇನೆ.

ಐದನೇ ಭಾನುವಾರ: ಮೆಟ್ಟಿಲ ಮೇಲೆ ಕೂತ ಹುಡುಗ

ಇನ್ನೂ ಇಬ್ಬರು ಮೂವರು ನಿಧಾನ ಎನ್ನುತ್ತಿದ್ದರು. ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಚುಚ್ಚಿ ನೋಡಿದರೆ ಎಲ್ಲ ಚೆನ್ನಾಗಿದೆ. ವೈಫೈನಲ್ಲಿ ನೋಡಿದರೆ, ಇಂಟರ್ನೆಟ್ ಬಿಡಿ, ಹತ್ತು ಅಡಿ ದೂರದ ರೂಟರ್‌ಗೇ ಪಿಂಗ್ 350. ಅಂದರೆ ತೊಂದರೆ ಈ ಹಾಲ್‌ನ ಗಾಳಿಯಲ್ಲೇ ಇದೆ.

ರೂಟರ್‌ನಲ್ಲಿ ಸೇರಿಕೊಂಡ ಫೋನ್‌ಗಳ ಪಟ್ಟಿ ತೆಗೆದೆ. ಎಲ್ಲರೂ 65, 72 ಎಂಬಿಪಿಎಸ್‌ನಲ್ಲಿ ಮಾತಾಡುತ್ತಿದ್ದಾರೆ. ಒಂದು ಫೋನ್ ಮಾತ್ರ 1 ಎಂಬಿಪಿಎಸ್. ಹುಡುಕಿದರೆ, ಕೆಳಗಿನ ಮೆಟ್ಟಿಲ ತಿರುವಿನಲ್ಲಿ, ಗಾಳಿ ಬರುತ್ತದೆ ಎಂದು ಒಬ್ಬ ಹುಡುಗ ಕೂತಿದ್ದ. ಹಳೇ ಫೋನ್, ನಡುವೆ ಎರಡು ಗೋಡೆ. ಹಳೇ ಫೋನ್‌ಗಳಿಗೂ ಸಿಗಲಿ ಎಂದು ವೈಫೈನ ತೀರಾ ಹಳೇ, ನಿಧಾನದ ರೇಟ್‌ಗಳನ್ನು (ಮಾತಾಡುವ ವೇಗಗಳನ್ನು) ನಾನೇ ಆನ್ ಮಾಡಿಟ್ಟಿದ್ದೆ. ಆ ತಪ್ಪು ನನ್ನದು.

ವೈಫೈಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಉಳಿದವರು ಸುಮ್ಮನಿರಬೇಕು. ಸರದಿ ಸಿಗುವುದು ಪ್ಯಾಕೆಟ್ ಲೆಕ್ಕದಲ್ಲಿ. 1,500 ಬೈಟ್ ಅಂದರೆ 12,000 ಬಿಟ್. 72 ಎಂಬಿಪಿಎಸ್‌ನಲ್ಲಿ ಅದಕ್ಕೆ ಸುಮಾರು 0.17 ಮಿಲಿಸೆಕೆಂಡ್ ಸಾಕು. 1 ಎಂಬಿಪಿಎಸ್‌ನಲ್ಲಿ 12 ಮಿಲಿಸೆಕೆಂಡ್. 70 ಪಟ್ಟು! ಎಲ್ಲರಿಗೂ ಒಂದೊಂದು ಪ್ಯಾಕೆಟ್ ಎಂದು ಸಮವಾಗಿ ಹಂಚಿದರೆ, ಹಾಲ್‌ನ ಹೊತ್ತೆಲ್ಲ ಆ ಒಂದು ಫೋನಿಗೇ ಹೋಗುತ್ತದೆ, ವೇಗದ ಫೋನ್‌ಗಳೂ ಅದರ ಮಟ್ಟಕ್ಕೇ ಇಳಿಯುತ್ತವೆ. ಫ್ರಾನ್ಸ್‌ನ ಗ್ರೆನೋಬಲ್‌ನ ಸಂಶೋಧಕರು 2003ರಲ್ಲೇ ಇದನ್ನು ಅಳೆದು ತೋರಿಸಿದ್ದರು.

ಚಿಕ್ಕಪ್ಪ ಅಲ್ಲೇ ನಿಂತಿದ್ದರು. ಪ್ಯಾಕೆಟ್ ಬದಲು ಹೊತ್ತು ಹಂಚಬೇಕು ಎಂದು ಹೇಳಿದೆ. ಅವರು ತಟ್ಟನೆ ಅಂದರು: "ಮತ್ತೆ? ನೀರು ಅಳ್ದು ಕೊಡಕಾಯ್ತದ? ಹೊತ್ತು ಅಳ್ದು ಕೊಡದು. ನಿಂಗೆರಡು ಗಂಟೆ, ಅವ್ನಿಗೆರಡು ಗಂಟೆ. ಅವ್ನ ಕಾಲ್ವೇಲಿ ಹೂಳು ತುಂಬಿದ್ರೆ ಅವ್ನೇ ತೆಗಿಸ್ಕಬೇಕು."

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಲಿನಕ್ಸ್‌ಗೆ ಈ ಹೊತ್ತು ಹಂಚುವ ಪದ್ಧತಿಯನ್ನು ಟೋಕೆ ಹೊಯ್‌ಲ್ಯಾಂಡ್-ಯೋರ್ಗೆನ್ಸನ್ ಮತ್ತು ಜೊತೆಗಾರರು 2017ರ ಹೊತ್ತಿಗೆ ತಂದರು. ನಮ್ಮ ರೂಟರ್‌ನ ವೈಫೈ ಡ್ರೈವರ್‌ನಲ್ಲೂ ಅದು ಇದೆ. ಆದರೆ ರೂಟರ್ ತಾನು ಕಳಿಸುವುದರಲ್ಲಿ ಮಾತ್ರ ಹೊತ್ತು ಹಂಚಬಲ್ಲದು. ಫೋನ್‌ಗಳು ತಾವಾಗಿ ಮಾತಾಡಲು ಬಂದರೆ ತಡೆಯಲಾಗದು. ಹಾಗಾಗಿ ಹೂಳು ತೆಗೆಯುವ ಕೆಲಸ ನಾವೇ ಮಾಡಬೇಕಿತ್ತು.

ರೂಟರನ್ನು ಕೇಬಲ್ ತುದಿಯಿಂದ ಎತ್ತಿ ಹಾಲ್‌ನ ನಡುವಿನ ತೊಲೆಗೆ, ಮೆಟ್ಟಿಲ ಬಾಗಿಲಿಗೆ ನೇರ ಕಾಣುವ ಹಾಗೆ ತೂಗುಹಾಕಿದೆವು. ಹಳೇ ರೇಟ್ ಬಂದ್ ಮಾಡಿದೆ. 5 ಗಿಗಾಹರ್ಟ್ಸ್ ಇರುವ 11 ಫೋನನ್ನು ಅದಕ್ಕೆ ಬೇರೆ ಹೆಸರು ಕೊಟ್ಟು ಸೇರಿಸಿದೆ. 2.4ನ್ನು 20 ಮೆಗಾಹರ್ಟ್ಸ್ ಅಗಲಕ್ಕೆ ಇಳಿಸಿ, ಅಕ್ಕಪಕ್ಕದಲ್ಲಿ ಯಾರೂ ಇಲ್ಲದ 11ನೇ ಚಾನೆಲ್‌ಗೆ ಕೂರಿಸಿದೆ. ಮೆಟ್ಟಿಲ ಹುಡುಗ ಅಲ್ಲೇ ಕೂತಿದ್ದಾನೆ. ಅವನ ಫೋನ್ ಈಗ 39 ಎಂಬಿಪಿಎಸ್‌ನಲ್ಲಿ ಮಾತಾಡುತ್ತಿದೆ. ಗಾಳಿಯೂ ಬೇಕಲ್ವಾ ಅವನಿಗೆ. ರೂಟರ್‌ಗೆ ಪಿಂಗ್ 4ರಿಂದ 10 ಮಿಲಿಸೆಕೆಂಡ್.

ಉಳಿದ ಸಣ್ಣಪುಟ್ಟವು: ಕರೆಂಟ್ ಹೋದರೆ ಎರಡೂ ಡಬ್ಬ ಓಡಲಿ ಎಂದು 12 ವೋಲ್ಟ್‌ನ ಪುಟ್ಟ ಯುಪಿಎಸ್. ಹಳೇ ಪ್ರಶ್ನೆಪತ್ರಿಕೆಗಳ ಪಿಡಿಎಫ್ ಎಲ್ಲರೂ ಬೇರೆ ಬೇರೆ ಇಳಿಸಿಕೊಳ್ಳುತ್ತಿದ್ದರು. ಅವನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ತುಂಬಿ ರೂಟರ್‌ಗೇ ಚುಚ್ಚಿದೆ. ಈಗ ಅವು ಟವರ್ ಮುಟ್ಟದೆ ಹಾಲ್‌ನೊಳಗೇ ಸಿಗುತ್ತವೆ, ಸಿಮ್‌ನ ದಿನದ ಡೇಟಾ ಉಳಿಯುತ್ತದೆ.

ಹೊರಡುವ ಮುಂಚೆ ಆ ಹುಡುಗಿಯ ಪಕ್ಕ ಕೂತೆ. ಸಂಜೆ 7.20, ಹಾಲ್‌ನಲ್ಲಿ 17 ಫೋನ್. ಹೊರಗೆ ಆಲೆಮನೆಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ಅವಳು 100 ಪ್ರಶ್ನೆಯ ಟೆಸ್ಟ್ ಬರೆಯುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಆರು ಜನ ಇತಿಹಾಸದ ಪಾಠದ ವಿಡಿಯೊ ನೋಡುತ್ತಿದ್ದರು. ಅವಳು ಉತ್ತರ ಒತ್ತಿದಳು, ಮುಂದಿನ ಪ್ರಶ್ನೆ ಬಂತು. ಒತ್ತಿದಳು, ಬಂತು. ನನ್ನ ಲ್ಯಾಪ್‌ಟಾಪಿನಲ್ಲಿ ಪಿಂಗ್ 68, 71, 66. 43ನೇ ಪ್ರಶ್ನೆಗೆ ಅವಳು ನಿಂತಳು. ನೆಟ್ ನಿಂತಿತಾ ಎಂದು ನಾನು ಬಗ್ಗಿ ನೋಡಿದೆ. ಇಲ್ಲ, ಅವಳು ಯೋಚನೆ ಮಾಡುತ್ತಿದ್ದಳು.

ತಾರಸಿ ಗೂಡಿನ ಕಿಟಕಿ ಪಡುವಣ ಬಿಸಿಲಿಗೆ ಬೀಳುತ್ತದೆ, ಮಧ್ಯಾಹ್ನ ಮೋಡೆಮ್ ಮುಟ್ಟಿದರೆ ಕೈ ಸುಡುತ್ತಿತ್ತು. ಚಿಕ್ಕಪ್ಪ ಮೇಲೊಂದು ತಗಡು ಹೊಡೆಸುತ್ತೇನೆ ಎಂದಿದ್ದಾರೆ. ಪೂರ್ತಿ ಮುಚ್ಚಬೇಡಿ, ಲೋಹ ಅಡ್ಡ ಬಂದರೆ ಸಿಗ್ನಲ್ ಹೋಗುತ್ತದೆ, ನೆರಳಿಗೆ ಬೇಕಾದಷ್ಟು ಮಾತ್ರ, ಗದ್ದೆ ಕಡೆ ತೆರೆದಿರಲಿ ಎಂದು ಹೇಳಿ ಬಂದಿದ್ದೇನೆ. ಮುಂದಿನ ಸಲ ಹೋದಾಗ ಸಿಗ್ನಲ್ ಇನ್ನೊಮ್ಮೆ ಅಳೆಯಬೇಕು.